ಕಂಪೌಂಡರ್ ಕಾಕಾ ಎಣಿಸಿದ ದಿನಗಳು

ಅವರ ಅಂಗಿಯ ಬಲತೋಳಿಗೆ ಮಣಿಕಟ್ಟಿನವರೆಗೆ ಗುಂಡಿ ಹಾಕಿರುತ್ತಿತ್ತು. ಎಡತೋಳು ಮಾತ್ರ ಭುಜದ ತನಕ ಮಡಚಿರುತ್ತಿತ್ತು. ಚಳಿಗಾಲದಲ್ಲೂ ಹಾಗೆಯೇ, ಮದುವೆಮನೆಯ ಊಟದ ಸಾಲಿನಲ್ಲೂ ಹಾಗೆಯೇ. ಅವರನ್ನು ಮೊದಲ ಸಲ ಕಂಡಾಗ ಯಾವುದೋ ಅವಸರದಲ್ಲಿ ಹೊರಟು ಬಂದಿರಬೇಕು ಅಂದುಕೊಂಡೆ. ಕೆಲಸಕ್ಕೆ ಸೇರಿ ಮೂರು ದಿನ ಕಳೆದ ಮೇಲೆ ಕಾರಣ ತಿಳಿಯಿತು. ಎಡಗೈ ಎಮ್ಮೆಯ ಒಳಗೆ ಹೋಗುವ ಕೈ, ಬಲಗೈ ಹೊರಗೆ ಕೆಲಸ ಮಾಡುವ ಕೈ. ದಿನಕ್ಕೆ ಏಳೆಂಟು ಸಲ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಯಾವುದೋ ಒಂದು ವರ್ಷ ಅವರು ಬಿಚ್ಚುವುದನ್ನೇ ಬಿಟ್ಟುಬಿಟ್ಟಿದ್ದರು. ಸೋಪು ಹಚ್ಚಿ ತೊಳೆದೂ ತೊಳೆದೂ ಆ ಕೈಯ ಉಗುರುಗಳು ಶಾಲೆಯ ಹುಡುಗಿಯ ಉಗುರಿನಷ್ಟು ಸ್ವಚ್ಛವಾಗಿದ್ದವು.

ಎಲ್ಲರೂ ಅವರನ್ನು ಕಂಪೌಂಡರ್ ಕಾಕಾ ಅನ್ನುತ್ತಿದ್ದರು. ದನದ ದವಾಖಾನೆಗಳಲ್ಲಿ ಕಂಪೌಂಡರ್ ಆಗಿ ದುಡಿದು, ನಿವೃತ್ತರಾದ ಮೇಲೂ ಮನೆಯಲ್ಲಿ ಕೂರಲಾರದೆ ನಮ್ಮ ಸಂಸ್ಥೆಗೆ ಬಂದವರು. ನಮ್ಮದು ತೀರ ಸಣ್ಣ ಸಂಸ್ಥೆ. ಸಿಂದಗಿಯಲ್ಲಿ ಎರಡು ಕೋಣೆಯ ಆಫೀಸು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಎಮ್ಮೆ ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವುದು, ಗಬ್ಬ ನಿಂತಿದೆಯೋ ಇಲ್ಲವೋ ಪರೀಕ್ಷಿಸುವುದು, ಈಯುವ ಹೊತ್ತಿಗೆ ಯಾರಾದರೂ ಹತ್ತಿರವಿರುವಂತೆ ನೋಡಿಕೊಳ್ಳುವುದು, ಇಷ್ಟೇ ಕೆಲಸ. ತಾಲ್ಲೂಕಿಗೊಬ್ಬ ಕೆಲಸಗಾರ, ಎಲ್ಲರ ಮೇಲೆ ಕಾಕಾ, ವಿಜಯಪುರದಲ್ಲಿ ಕೂತ ಒಬ್ಬ ಸಾಹೇಬರು. ಅವರ ನಡುವೆ ನಾನು, ಮುದ್ದೇಬಿಹಾಳದಲ್ಲಿ ಬಿಸಿಎ ಮುಗಿಸಿ, ಸಿಂದಗಿಯಲ್ಲಿ ಮೌಶಿ, ಅಂದರೆ ಅವ್ವನ ತಂಗಿಯ ಮನೆಯಲ್ಲಿ ಉಳಿದುಕೊಂಡು ಕಂಪ್ಯೂಟರ್ ನೋಡಿಕೊಳ್ಳುವವಳು. ಎಮ್ಮೆಯ ಬಳಿ ಹೋದರೆ ಹಾಯುತ್ತದೆಯೋ ಒದೆಯುತ್ತದೆಯೋ ಎನ್ನುವುದೂ ನನಗೆ ಗೊತ್ತಿರಲಿಲ್ಲ.

ನನ್ನ ಕೆಲಸವನ್ನು ಸರಳವಾಗಿ ಹೇಳಬಹುದು. ಯಾವ ಊರಿನ ಯಾರ ಎಮ್ಮೆಗೆ ಯಾವತ್ತು ಸೂಜಿ ಹಾಕಿದರು (ಕೃತಕ ಗರ್ಭಧಾರಣೆಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ) ಎನ್ನುವುದನ್ನು ಹುಡುಗರು ಮೊಬೈಲಿನಿಂದ ಕಳಿಸುತ್ತಿದ್ದರು. ಅದೆಲ್ಲ ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಕೂರುತ್ತಿತ್ತು. ಆ ಸಾಲುಗಳಿಗೆ ದಿನಾ ಬೆಳಗ್ಗೆ ಪ್ರಶ್ನೆ ಕೇಳಬೇಕು. ಅದಕ್ಕೆ ನಾವು ಕ್ವೆರಿ ಅನ್ನುತ್ತೇವೆ. ಇವತ್ತಿಗೆ ಸರಿಯಾಗಿ ಇಪ್ಪತ್ತೊಂದು ದಿನದ ಹಿಂದೆ ಸೂಜಿ ಹಾಕಿಸಿಕೊಂಡ ಎಮ್ಮೆಗಳು ಯಾವವು? ಅವು ಮತ್ತೆ ಬೆದೆಗೆ ಬಂದರೆ ಗಬ್ಬ ನಿಂತಿಲ್ಲ ಎಂದು ಅರ್ಥ. ಮೂರು ತಿಂಗಳಾದವು ಯಾವವು? ಅವುಗಳ ಹೊಟ್ಟೆ ನೋಡಬೇಕು. ಇನ್ನು ಹತ್ತು ದಿನದೊಳಗೆ ಈಯುವವು ಯಾವವು? ಅವುಗಳ ಯಜಮಾನರಿಗೆ ಮೆಸೇಜು ಹೋಗಬೇಕು. ಉತ್ತರವೆಲ್ಲ ಒಂದು ಪಟ್ಟಿಯಾಗಿ ಬರಬೇಕು. ಕಾಕಾ ಆ ಹಾಳೆ ಹಿಡಿದು ಮೋಟರ್‌ಸೈಕಲ್ ಹತ್ತಬೇಕು.

ಮೊದಲ ದಿನ ಅವರು ನನ್ನ ಹಿಂದೆ ಬಂದು ನಿಂತು, ಕನ್ನಡಕ ಮೇಲೆ ಕೆಳಗೆ ಮಾಡಿ ಪರದೆಯನ್ನು ನೋಡಿದರು.

"ಇದರಾಗ ಇವತ್ತ ಅಂದ್ರ ಯಾವತ್ತವ್ವಾ?"

"ಇವತ್ತಂದ್ರ ಇವತ್ತ ರೀ ಕಾಕಾ."

"ಅದು ನಿನಗ ಗೊತ್ತೈತಿ. ಅದಕ್ಕ ಗೊತ್ತೈತೇನು?"

ನಾನು ನಕ್ಕುಬಿಟ್ಟೆ. ಕಂಪ್ಯೂಟರಿನೊಳಗೆ ಒಂದು ಗಡಿಯಾರ ಇರುತ್ತದೆ, ತಾರೀಖು ತನ್ನಷ್ಟಕ್ಕೆ ಮುಂದೆ ಹೋಗುತ್ತದೆ ಎಂದು ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದೆ. ಅವರು ಬೇಸರಿಸದೆ ಪೂರ್ತಿ ಕೇಳಿಸಿಕೊಂಡು, "ಚಲೋ ಆತು. ಮುಂದ ಹೋಗೂದು ನಿಂತ್ರ ಹೇಳು ಮತ್ತ," ಎಂದು ಹೊರಟರು.

ಅವರದ್ದು ಬೆರಳ ಗೆರೆಗಳ ಲೆಕ್ಕ. ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಮೇಲೆ ಓಡಾಡುತ್ತಿತ್ತು, ತುಟಿ ಅಲುಗಾಡುತ್ತಿರಲಿಲ್ಲ. ಹಳ್ಳಿಯ ಜನ ಅವರಿಗೆ ತಾರೀಖು ಹೇಳಿದ್ದನ್ನು ನಾನು ಒಂದು ಸಲವೂ ಕೇಳಲಿಲ್ಲ. ಅಮಾಸಿ ಆದ ಮೂರನೇ ದಿನ, ಹಿಂದಿನ ಸಂತೆಯ ಮಾರನೇ ದಿನ, ನಮ್ಮ ತಂಗಿಯನ್ನು ಗಂಡನ ಮನೆಗೆ ಕಳಿಸಿ ಬಂದ ದಿನ, ಹೀಗೇ ಹೇಳುತ್ತಿದ್ದರು. ಕಾಕಾ ಕ್ಷಣ ಹೊತ್ತು ಬೆರಳು ಓಡಿಸಿ, "ಹದಿನೇಳು. ಬರ್ಕೋ," ಅನ್ನುತ್ತಿದ್ದರು. ನಾನು ಕ್ಯಾಲೆಂಡರ್ ತೆಗೆದು ನೋಡಿದರೆ ಹದಿನೇಳೇ ಇರುತ್ತಿತ್ತು. ಅವರು ಹೆದರುತ್ತಿದ್ದದ್ದು ಒಂದೇ ಶಬ್ದಕ್ಕೆ.

"ಮೊನ್ನಿ ಅಂದ್ರ ನಂಬಬ್ಯಾಡ ಯವ್ವಾ. ಮೊನ್ನಿ ಅಂದ್ರ ಎರಡು ದಿನಾನೂ ಆಗತೈತಿ, ಎರಡು ವರ್ಷಾನೂ ಆಗತೈತಿ. ಬಾಗೇವಾಡಿ ಕಡೆ ಒಬ್ಬಾಂವ ಮೊನ್ನಿ ಸೂಜಿ ಹಾಕ್ಸೇನಿ ಅಂದ. ಹೋಗಿ ನೋಡಿದ್ರ ಕರ ಅಂಗಳದಾಗ ಜಿಗದಾಡಾಕತ್ತಿತ್ತು."

ನನ್ನ ಕ್ವೆರಿಗಳ ಮಾನ ಮೊದಲ ಸಲ ಹೋದದ್ದು ಜನವರಿಯಲ್ಲಿ. ಹೋದ ತಿಂಗಳು ಸೂಜಿ ಹಾಕಿದ ಎಮ್ಮೆಗಳನ್ನು ತೆಗೆಯಲು ನಾನು ಈ ತಿಂಗಳ ಸಂಖ್ಯೆಯಲ್ಲಿ ಒಂದು ಕಳೆದಿದ್ದೆ. ನವೆಂಬರಿನಲ್ಲಿ ಚೆನ್ನಾಗಿ ನಡೆಯಿತು, ಡಿಸೆಂಬರಿನಲ್ಲೂ ನಡೆಯಿತು. ಜನವರಿ ಎಂದರೆ ಒಂದು. ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಸೊನ್ನೆಯನೇ ತಿಂಗಳಲ್ಲಿ ಯಾವ ಎಮ್ಮೆ ಸಿಕ್ಕೀತು? ಬೆಳಗ್ಗೆ ಪಟ್ಟಿ ತೆಗೆದರೆ ಹಾಳೆಯ ಮೇಲ್ತುದಿಯಲ್ಲಿ ತಲೆಬರಹ ಮಾತ್ರ, ಕೆಳಗೆಲ್ಲ ಬಿಳಿ.

ಕಾಕಾ ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚಳಿಗಾಲ ಅಂದ್ರ ಎಮ್ಮಿ ಸುಗ್ಗಿ. ನಾಕ ತಾಲೂಕಿನ್ಯಾಗ ಒಂದ ಎಮ್ಮೀನೂ ಬೆದಿಗೆ ಬಂದಿಲ್ಲ ಅಂತೈತಿ ನಿನ್ನ ಮಿಶಿನ್. ನಾ ಹೋದ ತಿಂಗಳ ಎಲ್ಲಿದ್ದೆ ಹಂಗಾದ್ರ?"

ನಾನು ಕಾರಣ ಹುಡುಕಿ, ನಾಚಿಕೊಂಡು ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಆಫೀಸಿಗೆ ಬಂದವರಿಗೆಲ್ಲ, ಚಹಾ ತಂದವನಿಗೂ, "ನಮ್ಮ ಮೇಡಮ್ಮಾರು ಸೊನ್ನಿ ತಿಂಗಳು ಕಂಡು ಹಿಡಿದಾರ," ಎಂದು ಹೇಳಿದರು. ಆದರೆ ವಿಜಯಪುರದ ಸಾಹೇಬರು ಫೋನಿನಲ್ಲಿ ಪಟ್ಟಿ ಯಾಕೆ ತಡ ಎಂದು ಕೇಳಿದಾಗ ಅವರೇ ಫೋನು ಇಸಿದುಕೊಂಡು, "ನಡದೈತ್ರಿ, ಮಧ್ಯಾಹ್ನಕ್ಕ ಕಳಸ್ತೇವ್ರಿ," ಎಂದಷ್ಟೇ ಹೇಳಿ ಇಟ್ಟರು.

ಆ ವರ್ಷ ಹೀಗೆಯೇ ಕಳೆಯಿತು. ಅವರು ಹಳ್ಳಿಗೆ ಹೋಗುತ್ತಿದ್ದರು, ನಾನು ಪಟ್ಟಿ ಕೊಡುತ್ತಿದ್ದೆ. ದಿನ ಕಳೆದಂತೆ ಪಟ್ಟಿ ತಪ್ಪಿಲ್ಲದೆ ಬರತೊಡಗಿತು. ಮೆಸೇಜು ಹೇಳಿದ ಹತ್ತು ದಿನದೊಳಗೇ ಎಮ್ಮೆ ಈದದ್ದನ್ನು ಕಂಡ ಜನ ಬೆರಗಾದರು. ಕಾಕಾ ಹೋದ ಹಳ್ಳಿಯಲ್ಲೆಲ್ಲ ನನ್ನ ಮಿಶಿನ್ನಿನ ಗುಣಗಾನ ಮಾಡುತ್ತಿದ್ದರಂತೆ. "ಮೆಸೇಜ್ ಬಂತಂದ್ರ ನಾ ಬಂದೆ ಅಂತ ತಿಳಕೊಳ್ರಿ," ಎಂದು ಹೇಳಿಬರುತ್ತಿದ್ದರಂತೆ. ಆ ಮಾತು ನನಗೆ ಬಹಳ ಹಿಡಿಸಿತ್ತು. ಅದರ ಭಾರ ತಿಳಿದದ್ದು ಆ ಅಕ್ಟೋಬರಿನಲ್ಲಿ.

ಆಲಮೇಲದ ಆಚೆ, ಭೀಮಾ ನದಿಯ ಕಡೆಗೆ ಒಂದು ಸಣ್ಣ ಊರು. ಅಲ್ಲಿ ಒಬ್ಬ ಆಯಿ ಇದ್ದಳು. ವಯಸ್ಸು ಎಪ್ಪತ್ತರ ಹತ್ತಿರ, ಕಿವಿ ಸ್ವಲ್ಪ ಮಂದ, ಮಾತು ಜೋರು. ಅವಳ ಎಮ್ಮೆ ಹಿಂದಿನ ಸಲ ಈಯುವಾಗ ಕರು ಅಡ್ಡ ತಿರುಗಿ ಸತ್ತಿತ್ತು, ಎಮ್ಮೆ ಬದುಕಿದ್ದೇ ಹೆಚ್ಚು. ಅದಕ್ಕೆ ಮತ್ತೆ ಗಬ್ಬ ಕಟ್ಟಿಸಲು ಅವಳು ಒಪ್ಪಿರಲಿಲ್ಲ. ಕಾಕಾ ಎರಡು ಮೂರು ಸಲ ಹೋಗಿ, ಈ ಸಲ ಈಯುವ ಹೊತ್ತಿಗೆ ತಾವೇ ಪಕ್ಕದಲ್ಲಿರುವುದಾಗಿ ಮಾತು ಕೊಟ್ಟು ಒಪ್ಪಿಸಿದ್ದರು. ಡಿಸೆಂಬರಿನಲ್ಲಿ ಸೂಜಿ ಹಾಕಿದ್ದೂ ಅವರೇ. ಎಮ್ಮೆಯ ಗಬ್ಬದ ಅವಧಿ ಹತ್ತು ತಿಂಗಳ ಮೇಲೆ ಒಂದಿಷ್ಟು ದಿನ. ನಾನು ಕಂಪ್ಯೂಟರಿಗೆ ಹಾಕಿದ್ದು ಮುನ್ನೂರ ಹತ್ತು ದಿನ.

ಸೆಪ್ಟೆಂಬರ್ ಕೊನೆಗೆ ಸಾಹೇಬರು ಒಂದು ಮೀಟಿಂಗಿಗೆಂದು, ತಿಂಗಳ ಕೊನೆಯ ದಿನಕ್ಕೆ ಈಯುವ ಎಮ್ಮೆಗಳ ಪಟ್ಟಿ ಹೇಗಿರುತ್ತದೋ ಹಾಗೆ ಮುಂಚಿತವಾಗಿ ತೆಗೆದುಕೊಡು ಎಂದರು. ಕ್ವೆರಿಯಲ್ಲಿ "ಇವತ್ತು" ಎಂದು ಇದ್ದ ಜಾಗದಲ್ಲಿ ನಾನು ಆ ತಾರೀಖನ್ನೇ ಕೈಯಿಂದ ಬರೆದು, ಪಟ್ಟಿ ತೆಗೆದು ಕಳಿಸಿದೆ. ಹಾಗೆ ಬರೆದದ್ದನ್ನು ಅಳಿಸಿ ಮತ್ತೆ "ಇವತ್ತು" ಎಂದು ಹಾಕಬೇಕಿತ್ತು. ಅಷ್ಟರಲ್ಲಿ ಮೌಶಿ ಫೋನು ಮಾಡಿದಳೋ, ಕರೆಂಟು ಹೋಯಿತೋ, ಈಗ ನೆನಪಿಲ್ಲ. ಅಳಿಸಲಿಲ್ಲ.

ಅಲ್ಲಿಗೆ ನನ್ನ ಕಂಪ್ಯೂಟರಿಗೆ ದಿನ ನಿಂತುಹೋಯಿತು. ಹೊರಗೆ ಅಕ್ಟೋಬರ್ ಬಂದು ಬಿಳಿಜೋಳದ ಬಿತ್ತನೆ ಶುರುವಾದರೂ ಅದರ ಲೆಕ್ಕದಲ್ಲಿ ದಿನಾ ಸೆಪ್ಟೆಂಬರಿನ ಕೊನೆಯ ದಿನವೇ. ಆ ದಿನದಿಂದ ಮುಂದಿನ ಹತ್ತು ದಿನದೊಳಗೆ ಈಯುವ ಎಮ್ಮೆಗಳು ಮಾತ್ರ ಪಟ್ಟಿಯಲ್ಲಿ ಬರುತ್ತಿದ್ದವು. ಅವು ಒಂದೊಂದಾಗಿ ಈದಂತೆಲ್ಲ ಹುಡುಗರು ಈದಿದೆ ಎಂದು ಗುರುತು ಹಾಕುತ್ತಿದ್ದರು, ಹೆಸರು ಪಟ್ಟಿಯಿಂದ ಇಳಿಯುತ್ತಿತ್ತು. ಹೊಸ ಹೆಸರು ಒಂದೂ ಏರುತ್ತಿರಲಿಲ್ಲ. ಪಟ್ಟಿ ದಿನದಿನಕ್ಕೆ ಸಣ್ಣದಾಗುವುದನ್ನು ಕಂಡು, ಕೆಲಸ ಚೆನ್ನಾಗಿ ಸಾಗಿದೆ ಎಂದು ನಾನು ಹಿಗ್ಗಿದ್ದೆ.

ಒಂದು ಸೋಮವಾರ ಕಾಕಾ ಹಾಳೆ ನೋಡಿ ತಲೆ ಎತ್ತಿದರು. ಅದರಲ್ಲಿ ಮೂರೇ ಹೆಸರಿದ್ದವು.

"ಆಲಮೇಲದ ಆಯಿ ಎಮ್ಮಿ ಬರಬೇಕಾಗಿತ್ತಲ್ಲವ್ವಾ ಇದರಾಗ?"

"ಪಟ್ಟಿಯೊಳಗ ಇಲ್ರಿ ಕಾಕಾ. ಇನ್ನೂ ಟೈಮ್ ಇರಬೇಕು."

ಅವರ ಹೆಬ್ಬೆರಳು ಬೆರಳುಗಳ ಮೇಲೆ ಒಂದು ಸುತ್ತು ಹೋಗಿ ಬಂತು. ಇನ್ನೊಂದು ಸುತ್ತು ಹೋಯಿತು. ಆಮೇಲೆ ಹಾಳೆಯನ್ನು ಮಡಚಿ ಕಿಸೆಗೆ ಇಟ್ಟುಕೊಂಡು, "ಇರಬೇಕು. ನನ್ನ ಬೆರಳಿಗೂ ವಯಸ್ಸಾತು," ಎಂದು ಮುದ್ದೇಬಿಹಾಳದ ಕಡೆಗೆ ಹೊರಟುಹೋದರು. ಎರಡು ದಿನ ಅತ್ತ ಕಡೆಯ ಹಳ್ಳಿಗಳಲ್ಲೇ ಇದ್ದರು.

ಗುರುವಾರ ಬೆಳಗ್ಗೆ ಹತ್ತರ ಸುಮಾರಿಗೆ ಅವರು ಆಫೀಸಿನಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಫೋನು ಬಂತು. ಆಯಿಯ ದನಿ ಎಷ್ಟು ಜೋರೆಂದರೆ ನನ್ನ ಮೇಜಿನ ತನಕ ಕೇಳಿಸಿತು. ಎಮ್ಮೆ ನಸುಕಿನಿಂದ ತಿಣುಕುತ್ತಿದೆ, ಒಂದು ಕಾಲಷ್ಟೇ ಹೊರಗೆ ಕಂಡಿದೆ, ಮೆಸೇಜು ಬಂದಿಲ್ಲ ಅಂತ ಇನ್ನೂ ದಿನ ಇರಬೇಕು ಎಂದುಕೊಂಡು ಕೂತಿದ್ದೆ, ಎನ್ನುತ್ತಿದ್ದಳು. ಕಾಕಾ ಬಸಿಯ ಚಹಾವನ್ನು ಹಾಗೆಯೇ ಬಿಟ್ಟು ಎದ್ದರು. ನಾನು ಪರದೆಯ ಕಡೆಗೆ ತಿರುಗಿ ಕ್ವೆರಿ ತೆರೆದೆ. ಆ ತಾರೀಖು ಅಲ್ಲೇ ಕೂತಿತ್ತು.

"ಕಾಕಾ," ಎಂದೆ. ಬೆರಳಿಟ್ಟು ತೋರಿಸಿದೆ.

ಅವರು ನೋಡಿದರು. ಅರ್ಥವಾಯಿತೋ ಇಲ್ಲವೋ, ನನ್ನ ಮುಖ ನೋಡಿದ ಮೇಲಂತೂ ಅರ್ಥವಾಗಿರಬೇಕು. "ನಡಿ," ಅಂದರು, "ಬಾಲ ಹಿಡಿಯಾಕ ಒಬ್ರು ಬೇಕು."

ಆಲಮೇಲದ ದಾರಿಯಲ್ಲಿ ಅವರು ಮೋಟರ್‌ಸೈಕಲ್ ಜೋರಾಗಿ ಓಡಿಸಿದರು. ಎರಡೂ ಬದಿ ಕಬ್ಬು ಎದೆಯೆತ್ತರ ನಿಂತಿತ್ತು. ನಾನು ಹಿಂದೆ ಕೂತು, ಎಮ್ಮೆ ಸತ್ತರೆ ಆ ಮುದುಕಿಯ ಮುಖವನ್ನು ಹೇಗೆ ನೋಡಲಿ ಎಂಬುದೊಂದನ್ನೇ ಯೋಚಿಸುತ್ತಿದ್ದೆ. ಎಮ್ಮೆ ಅಂಗಳದಲ್ಲಿ ಮಲಗಿತ್ತು. ಕಣ್ಣುಗಳು ಹೊರಗೆ ಬಂದಂತಿದ್ದವು. ಕಾಕಾ ಕೈಗೆ ಸೋಪು ಹಚ್ಚಿ ತೊಳೆದು, ಶೇಂಗಾ ಎಣ್ಣೆ ಸವರಿಕೊಂಡು, ನೆಲದ ಮೇಲೆ ಹೊಟ್ಟೆಯೂರಿ ಮಲಗಿದರು. ಕೈ ಭುಜದವರೆಗೆ ಒಳಗೆ ಹೋಯಿತು.

"ಒಂದು ಕಾಲು ಹಿಂದ ಮಡಚೈತಿ. ಗೋಣು ತಿರುವೈತಿ," ಅಂದರು. ಆಮೇಲೆ ನಮ್ಮ ಯಾರ ಜೊತೆಗೂ ಮಾತಾಡಲಿಲ್ಲ. ಮಾತೆಲ್ಲ ಎಮ್ಮೆಯ ಜೊತೆಗೆ. "ತಡಿ ನಮ್ಮವ್ವ, ತಡಿ. ಈಗ ಬ್ಯಾಡ. ಈಗ ತಿಣಕಬ್ಯಾಡ. ಹಾಂ, ಈಗ." ಎಮ್ಮೆ ತಿಣುಕಿದಾಗಲೆಲ್ಲ ಅವರ ತೋಳು ಅದರ ಎಲುಬಿನ ನಡುವೆ ಸಿಕ್ಕಿ ಹಿಸುಕಿದಂತಾಗುತ್ತಿತ್ತು. ಅವರ ಹಣೆಯ ಬೆವರು ಮಣ್ಣಿಗೆ ಬೀಳುತ್ತಿತ್ತು. ನಾನು ಎರಡೂ ಕೈಯಿಂದ ಬಾಲ ಹಿಡಿದು ನಿಂತಿದ್ದೆ. ಎಷ್ಟು ಹೊತ್ತು ಹೀಗೆ ಕಳೆಯಿತೋ. ಒಮ್ಮೆ ಅವರು ಬಾಯಿ ಕಚ್ಚಿ ನರಳಿದರು, ಭುಜದಲ್ಲಿ ಏನೋ ಕಟಕ್ಕೆಂದ ಹಾಗಾಯಿತು. ಕೈ ಹೊರಗೆ ತೆಗೆಯಲಿಲ್ಲ.

ಕೊನೆಗೆ ಎರಡನೆಯ ಕಾಲು ಬಂತು, ಮೂಗು ಬಂತು, ಆಮೇಲೆ ಎಲ್ಲವೂ ಒಟ್ಟಿಗೆ ಜಾರಿ ಬಂತು. ಕರು ಅಲುಗಾಡಲಿಲ್ಲ. ಕಾಕಾ ಬಲಗೈಯಿಂದ ಅದರ ಬಾಯಿಯ ಲೋಳೆ ತೆಗೆದು, ನನ್ನ ಕಡೆಗೆ ಒಂದು ಗೋಣಿಚೀಲ ಎಸೆದು, "ತಿಕ್ಕು," ಅಂದರು. ನಾನು ತಿಕ್ಕಿದೆ. ನನ್ನ ಜೀವಮಾನದಲ್ಲಿ ಯಾವುದನ್ನೂ ಅಷ್ಟು ಜೋರಾಗಿ ತಿಕ್ಕಿಲ್ಲ. ಅವರು ಒಂದು ಹುಲ್ಲಿನ ಕಡ್ಡಿಯನ್ನು ಅದರ ಮೂಗಿಗೆ ಹಾಕಿ ತಿರುವಿದರು. ಕರು ಸೀನಿತು. ನನ್ನ ಮುಖದ ಮೇಲೆಯೇ ಸೀನಿತು.

"ಹೆಣ್ಣ ಕರ," ಎಂದಳು ಆಯಿ, ಹತ್ತಿರ ಬಂದು ಬಗ್ಗಿ ನೋಡಿ.

ಕಾಕಾ ಗೋಡೆಗೆ ಒರಗಿ ಕೂತಿದ್ದರು. ಎಡಗೈ ಮಡಿಲಲ್ಲಿ ಬಿದ್ದಿತ್ತು. ಎತ್ತಲು ಆಗುತ್ತಿರಲಿಲ್ಲ. ಆಯಿ ಬಿಸಿನೀರು ತಂದುಕೊಟ್ಟು, ಮೆಸೇಜು ಯಾಕೆ ಬರಲಿಲ್ಲ ಎಂದು ಕೇಳಿದಳು. ಕಾಕಾ ನನ್ನ ಕಡೆಗೆ ನೋಡಿದರು. ಅವರೇ ಏನಾದರೂ ಹೇಳಿ ಸಾಗಿಸುತ್ತಾರೆ ಎಂದು ನಾನು ಕಾದೆ. ನೆಟ್‌ವರ್ಕ್ ಇರಲಿಲ್ಲ ಎಂದರೂ ಸಾಕಾಗಿತ್ತು.

"ನೀನ ಹೇಳವ್ವಾ," ಅಂದರು.

ಹೇಳಿದೆ. ದಿನ ದಿನಕ್ಕೆ ಬದಲಾಗಬೇಕಿದ್ದ ತಾರೀಖನ್ನು ನಾನು ಒಂದೇ ದಿನಕ್ಕೆ ನಿಲ್ಲಿಸಿಬಿಟ್ಟೆ, ತಿದ್ದಲು ಮರೆತೆ, ಅದಕ್ಕೇ ನಿನ್ನ ಎಮ್ಮೆ ಪಟ್ಟಿಯಲ್ಲಿ ಬರಲಿಲ್ಲ ಎಂದು, ಅವಳ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ, ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಹೇಳಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದಿತ್ತು.

"ನಂದೂ ಐತಿ," ಎಂದರು ಕಾಕಾ. "ಸೋಮಾರ ನನ್ನ ಬೆರಳಿಗೆ ಬಂದಿತ್ತು ಇದು. ಹಾಳಿ ನೋಡಿ ಸುಮ್ನಾದೆ."

ಆಯಿ ಕರುವಿನ ಮೈ ಸವರಿದಳು. "ಎಮ್ಮಿಗೇನ ಗೊತ್ತು ನಿಮ್ಮ ಹಾಳಿ. ಅದು ತನ್ನ ದಿನಕ್ಕ ತಾ ಈದೈತಿ," ಎಂದು ಹೇಳಿ, ನನ್ನ ಕಡೆಗೆ ತಿರುಗಿ, "ಮೊದಲ ಮಾರಿ ತೊಳಕೋ ಹೋಗು. ಕರ ಸೀನಿದ್ದು ಹಂಗ ಐತಿ," ಅಂದಳು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ಅಳುತ್ತಲೇ ನಕ್ಕೆ. ಎರಡು ದಿನ ಬಿಟ್ಟು ಆ ಊರಿನಿಂದ ಬಸ್ಸಿನಲ್ಲಿ ನಮ್ಮ ಆಫೀಸಿಗೆ ಒಂದು ಡಬ್ಬಿ ಬಂತು. ಒಳಗೆ ಬೆಲ್ಲ ಹಾಕಿದ ಗಿಣ್ಣ.

ಕಾಕಾನ ಭುಜದ ನರಕ್ಕೆ ಪೆಟ್ಟಾಗಿತ್ತು. ಡಾಕ್ಟರು ಕೈಯನ್ನು ಕೊರಳಿಗೆ ಕಟ್ಟಿ, ಎರಡು ತಿಂಗಳು ಎಮ್ಮೆಯ ಸುದ್ದಿಗೆ ಹೋಗಬೇಡಿ ಎಂದರು. ಹಾಗಾಗಿ ಅವರು ಆ ಎರಡು ತಿಂಗಳು ನನ್ನ ಮೇಜಿನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತರು. ನನ್ನ ಬದುಕಿನಲ್ಲಿ ನಾನು ಅತಿ ಹೆಚ್ಚು ಕಲಿತ ಎರಡು ತಿಂಗಳು ಅವು. ಅತಿ ಹೆಚ್ಚು ನಕ್ಕದ್ದೂ ಆಗಲೇ.

ಪ್ರತಿಯೊಂದು ಕ್ವೆರಿಯನ್ನೂ ನಾನು ಕನ್ನಡದಲ್ಲಿ ಓದಿ ಹೇಳಬೇಕು, ಅವರು ಅದರಲ್ಲಿ ತೂತು ಹುಡುಕಬೇಕು. ಇದು ನಮ್ಮ ಕ್ರಮ. "ಮೂರು ತಿಂಗಳ ಹಿಂದ," ಎಂದು ನಾನು ಓದಿದರೆ ತಡೆಯುತ್ತಿದ್ದರು.

"ಯಾವ ಮೂರು ತಿಂಗಳು? ಜುಲೈ ಆಗಸ್ಟ್ ಹಿಡಕೊಂಡು ಹೋದ್ರ ತೊಂಬತ್ತೆರಡು ದಿನ. ಫೆಬ್ರುವರಿ ನಡುವ ಬಂತಂದ್ರ ಎಂಬತ್ತೊಂಬತ್ತು. ಹೊಟ್ಟ್ಯಾಗಿನ ಕರಕ್ಕ ತಿಂಗಳ ಗೊತ್ತಿಲ್ಲವ್ವಾ, ಅದು ದಿನಾ ಬೆಳೀತೈತಿ. ನೀನೂ ದಿನಾನ ಎಣಸು."

ಅಂದಿನಿಂದ ತಿಂಗಳುಗಳನ್ನು ಬಿಟ್ಟು ದಿನಗಳಲ್ಲೇ ಲೆಕ್ಕ ಹಾಕಿದೆ. ಇನ್ನೊಂದು ದಿನ ಅವರು ಪರದೆಯ ಒಂದು ಸಾಲಿಗೆ ಬೆರಳಿಟ್ಟು, ಇಂಡಿಯ ಹುಡುಗ ಇವತ್ತು ಬೆಳಗ್ಗೆ ಐದು ಗಂಟೆಗೆ ಹಾಕಿದ ಸೂಜಿಯನ್ನು ಇದು ನಿನ್ನೆಯದು ಎಂದು ಯಾಕೆ ತೋರಿಸುತ್ತಿದೆ ಎಂದರು. ಹುಡುಕಿದರೆ, ನಮ್ಮ ಮಾಹಿತಿಯೆಲ್ಲ ಕೂತಿದ್ದ ದೂರದ ಕಂಪ್ಯೂಟರಿನ ಗಡಿಯಾರ ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ ಇತ್ತು. ನಮ್ಮಲ್ಲಿ ಬೆಳಕು ಹರಿದರೂ ಅಲ್ಲಿ ಇನ್ನೂ ನಿನ್ನೆ. ಎಂದೋ ಗಮನಿಸಬೇಕಿದ್ದ ತಪ್ಪು.

"ಬೇರೆ ದೇಶದ ಟೈಮ್ ರೀ ಕಾಕಾ ಅದು."

"ಅಲ್ಲಿ ಎಮ್ಮಿ ಇನ್ನೂ ಮಲಗಿರತಾವ ಬಿಡು. ನಮ್ಮವು ಎದ್ದಾವ. ಸರಿ ಮಾಡು."

ಕ್ವೆರಿಗಳು ಸರಿಯಿವೆಯೋ ಇಲ್ಲವೋ ನೋಡಲು ನಿಜವಾದ ಎಮ್ಮೆಗಳು ಸಾಲವು, ಕಷ್ಟದ ತಾರೀಖುಗಳಲ್ಲಿ ಸೂಜಿ ಹಾಕಿಸಿಕೊಂಡ ಸುಳ್ಳು ಎಮ್ಮೆಗಳು ಬೇಕು ಎಂದು ನಾನು ವಿವರಿಸಿದೆ. ಕಾಕಾನಿಗೆ ಇದು ಬಹಳ ಸೇರಿತು. ಸುಳ್ಳು ಎಮ್ಮೆಗಳನ್ನು ಹುಟ್ಟಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ವರ್ಷದ ಕೊನೆಯ ದಿನ ಬೆದೆಗೆ ಬಂದ ಎಮ್ಮೆ, ಹೆಚ್ಚುವರಿ ದಿನವಿರುವ ಫೆಬ್ರುವರಿಯ ಎಮ್ಮೆ, ತಿಂಗಳ ಮೂವತ್ತೊಂದಕ್ಕೆ ಈಯಬೇಕಾದ ಎಮ್ಮೆ. ಒಂದೊಂದಕ್ಕೂ ಒಬ್ಬ ಯಜಮಾನಿ, ಒಂದು ಊರು, ಒಂದು ಸ್ವಭಾವ. ನವೆಂಬರ್ ಮೂವತ್ತಕ್ಕೆ ಸೂಜಿ ಹಾಕಿಸಿಕೊಂಡದ್ದಕ್ಕೆ ಮೂರು ತಿಂಗಳಾಗುವುದು ಫೆಬ್ರುವರಿ ಮೂವತ್ತಕ್ಕೆ, ಅಂಥ ದಿನವೇ ಇಲ್ಲ. ಆ ಎಮ್ಮೆಯ ಯಜಮಾನಿಗೆ ಅವರು ಇಟ್ಟ ಹೆಸರು ಫೆಬ್ರುವರೆವ್ವ. ಇಂಡಿ ತಾಲ್ಲೂಕಿನವಳು, ಬಹಳ ಜಗಳಗಂಟಿ ಎಂದೂ ಹೇಳಿದರು.

ಕೆಲಸ ಮುಗಿದ ಮೇಲೆ ಸುಳ್ಳು ಎಮ್ಮೆಗಳನ್ನೆಲ್ಲ ಅಳಿಸಿದೆ. ಒಂದು ಮಾತ್ರ ಕಣ್ಣು ತಪ್ಪಿ ಉಳಿಯಿತು. ಕೆಲವು ವಾರ ಕಳೆದು ಇಂಡಿಯ ಕೆಲಸಗಾರ ಫೋನು ಮಾಡಿದ. ಬಿಸಿಲಲ್ಲಿ ನಡೆದು ಸುಸ್ತಾದ ದನಿ.

"ಮೇಡಂ, ಫೆಬ್ರುವರೆವ್ವ ಅನ್ನೋರ ಮನಿ ಎಲ್ಲೈತ್ರಿ? ಊರೆಲ್ಲಾ ಕೇಳೇನಿ. ಯಾರಿಗೂ ಗೊತ್ತಿಲ್ಲಂತಾರ. ಒಬ್ಬಾಕಿ ಮಾತ್ರ, ಆಕಿ ಗಂಡನ ಮನಿಗೆ ಹೋಗ್ಯಾಳ ಅಂದ್ಲ್ರಿ."

ನಾನು ಫೋನನ್ನು ಕಾಕಾನ ಕಿವಿಗೆ ಹಿಡಿದೆ. ಅವರು ಮುಖ ಗಂಭೀರ ಮಾಡಿಕೊಂಡು, "ಆಕಿ ಎಮ್ಮಿ ಮಾರಿಬಿಟ್ಟಾಳ. ನೀ ಬಾ ತಮ್ಮಾ, ನೀರು ಕುಡದು ನೆಳ್ಳಿಗೆ ಕೂಡು," ಎಂದರು. ಫೋನು ಇಟ್ಟ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗುತ್ತಲೇ ಅವರು ಭುಜ ಹಿಡಿದುಕೊಂಡು, "ನಗಸಬ್ಯಾಡ, ನೋಯ್ತೈತಿ," ಎನ್ನುತ್ತಿದ್ದರು. ಆ ಹುಡುಗನಿಗೆ ನಿಜ ಹೇಳಲು ನನಗೆ ಒಂದು ವರ್ಷ ಬೇಕಾಯಿತು.

ಭುಜ ಪೂರ್ತಿ ಸರಿಯಾಗಲಿಲ್ಲ. ಕಾಕಾ ಮತ್ತೆ ಹಳ್ಳಿಗಳಿಗೆ ಹೋದರು, ಆದರೆ ಕಷ್ಟದ ಕರುಗಳನ್ನು ತಿರುಗಿಸುವ ಕೆಲಸವನ್ನು ಮುದ್ದೇಬಿಹಾಳದ ಹುಡುಗಿಯೊಬ್ಬಳಿಗೆ ಕಲಿಸಿಕೊಟ್ಟು ತಾವು ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. ನನ್ನಿಂದಲೇ ಆ ಕೈ ಹೋಯಿತು ಎಂದು ನಾನು ಒಮ್ಮೆ ಹೇಳಲು ಹೋದೆ. ಅವರು ನನ್ನನ್ನು ಮುಗಿಸಗೊಡಲಿಲ್ಲ. "ಅಂವಾ ಡಾಕ್ಟರ್ ಹೇಳ್ಯಾನ, ಇದು ಹಳೇ ಬ್ಯಾನಿ ಅಂತ. ನೀ ಇದನ್ನ ನಿನ್ನ ಹೆಸರಿಗೆ ಹಚಗೋಬ್ಯಾಡ," ಎಂದರು. ಡಾಕ್ಟರು ಹಾಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅವರ ಜೊತೆ ಆಸ್ಪತ್ರೆಗೆ ಹೋದವಳೂ ನಾನೇ.

ಮದುವೆಯಾಗಿ ನಾನು ಬಸವನ ಬಾಗೇವಾಡಿಗೆ ಬಂದೆ. ಇಲ್ಲಿ ಬೇರೆ ಕೆಲಸ. ಎಮ್ಮೆಗಳ ಬದಲು ಮಕ್ಕಳ ಲಸಿಕೆಯ ಪಟ್ಟಿ. ಹುಟ್ಟಿದ ದಿನದಿಂದ ಆರು ವಾರ, ಹತ್ತು ವಾರ, ಹದಿನಾಲ್ಕು ವಾರ. ಹೊಸ ಕ್ವೆರಿ ಬರೆದಾಗಲೆಲ್ಲ ಅದನ್ನು ಈಗಲೂ ಗಟ್ಟಿಯಾಗಿ ಕನ್ನಡದಲ್ಲಿ ಓದುತ್ತೇನೆ. ಪಕ್ಕದ ಮೇಜಿನವರು ನಗುತ್ತಾರೆ. ಕಾಕಾ ವರ್ಷಕ್ಕೊಮ್ಮೆಯಾದರೂ ಬಂದು ಹೋಗುತ್ತಿದ್ದರು. ನನ್ನ ಮಗಳನ್ನು ಮೊದಲ ಸಲ ನೋಡಿದಾಗ ಹಲ್ಲು ನೋಡುವಂತೆ ಬಾಯಿ ತೆರೆಸಿ, "ಚಲೋ ತಳಿ," ಎಂದರು. ಎಲ್ಲರಿಗಿಂತ ಹೆಚ್ಚು ನಕ್ಕವರು ನಮ್ಮತ್ತೆ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಇಂಡಿಯ ಹತ್ತಿರದ ತಮ್ಮ ಊರಿನಲ್ಲಿ. ಬೆಳಗ್ಗೆ ಎದ್ದು, ಚಹಾ ಕುಡಿದು, ಓಣಿಯ ಯಾರದೋ ಎಮ್ಮೆ ಮೇವು ಬಿಟ್ಟಿದೆ ಎಂದು ಹೋಗಿ ನೋಡಿ ಔಷಧ ಹೇಳಿ ಬಂದು, ಊಟ ಮಾಡಿ ಮಲಗಿದ್ದರಂತೆ. ಸಂಜೆ ಎದೆ ಹಿಡಿದುಕೊಂಡಿತು. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ಹೋಗಿಬಿಟ್ಟರು. ಅಂದು ಬುಧವಾರ.

ಸುದ್ದಿ ತಿಳಿದ ಮಾರನೇ ದಿನ ಹೋದೆ. ಅಂಗಳದಲ್ಲಿ ನಾಲ್ಕೂ ತಾಲ್ಲೂಕಿನ ಜನ ಕೂತಿದ್ದರು. ಹಿರಿಯರಲ್ಲಿ ಒಂದು ಮಾತು ನಡೆದಿತ್ತು. ಒಂಬತ್ತನೇ ದಿನದ ಕಾರ್ಯವನ್ನು ಯಾವತ್ತು ಹಿಡಿಯಬೇಕು ಎನ್ನುವುದು. ಕಾಕಾನ ತಮ್ಮ, ಅಣ್ಣ ಹೊತ್ತು ಮುಳುಗಿದ ಮೇಲೆ ಹೋಗಿದ್ದಾನೆ, ಬುಧವಾರ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಶುಕ್ರವಾರ ಎನ್ನುತ್ತಿದ್ದರು. ಇನ್ನೊಬ್ಬರು ಗುರುವಾರವೇ ಎನ್ನುತ್ತಿದ್ದರು. ಮಾತು ಬಗೆಹರಿಯಲಿಲ್ಲ. ಆ ಮನೆಯಲ್ಲಿ ಇಂಥ ಲೆಕ್ಕ ಹಾಕುತ್ತಿದ್ದವರು ಒಬ್ಬರೇ.

ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅತ್ತು ಅತ್ತು ಅವರ ದನಿ ಬಿದ್ದುಹೋಗಿತ್ತು. "ಆ ಹುಡುಗೀನ ಕೇಳ್ರಿ," ಅಂದರು, ನನ್ನ ಕಡೆಗೆ ಕೈ ಮಾಡಿ. "ಅವರು ದಿನದ ಲೆಕ್ಕ ಕಲಿಸಿದ್ದು ಆಕಿಗೆ."

ಎಲ್ಲರೂ ನನ್ನ ಕಡೆಗೆ ತಿರುಗಿದರು. ಶಾಸ್ತ್ರ ನನಗೆ ಗೊತ್ತಿಲ್ಲ. ಅವರ ಬುಧವಾರ ಹೇಗೆ ಕಳೆಯಿತು ಎನ್ನುವುದಷ್ಟೇ ಗೊತ್ತಿತ್ತು. ಅದನ್ನು ಕಾಕು ಆಗಷ್ಟೇ ನನಗೆ ಹೇಳಿದ್ದರು.

"ಬುಧವಾರ ಹಿಡೀರಿ," ಎಂದೆ. "ಮುಂಜಾನಿ ಕಾಕಾ ಇದ್ರಲ್ಲರೀ."

ಕಾಕಾನ ತಮ್ಮ ಬುಧವಾರವನ್ನು ಒಂದೆಂದು ಹಿಡಿದು ಬೆರಳ ಮೇಲೆ ಒಂಬತ್ತು ಎಣಿಸಿದರು. ಆಮೇಲೆ ತಲೆಯಾಡಿಸಿ, "ಹಂಗಾದ್ರ ಗುರುವಾರ," ಎಂದು ಎದ್ದು, ಊರವರಿಗೆ ತಿಳಿಸಲು ಹೋದರು.